ಪುಣೆಯಲ್ಲಿ ಕುಳಿತು ಮತ್ತೆ ನೋಡಿದ ‘ಸೈರಾಟ್’

ಪುಣೆಯಿಂದ ಕಲಬುರಗಿಯ ಕಡೆಗೆ ಹೋಗುವ ರೈಲು ದೌಂಡ್ ದಾಟಿದ ಮೇಲೆ ಭಿಗವಣದ ಆಸುಪಾಸಿನಲ್ಲಿ ಉಜನಿ ಜಲಾಶಯದ ಹಿನ್ನೀರಿಗೆ ಹತ್ತಿರವಾಗಿ ಸಾಗಿ, ಜೇವೂರ ಎಂಬ ಸಣ್ಣ ನಿಲ್ದಾಣವನ್ನು ಹಾದು, ಕುರ್ಡುವಾಡಿ, ಸೊಲ್ಲಾಪುರಗಳ ಮೂಲಕ ಕರ್ನಾಟಕಕ್ಕೆ ಇಳಿಯುತ್ತದೆ. ಮದುವೆಯಾಗಿ ಪುಣೆಗೆ ಬಂದ ಮೇಲೆ ಬೇಸಿಗೆ ರಜೆಯಲ್ಲಿ ಅಫಜಲಪುರ ತಾಲ್ಲೂಕಿನ ನನ್ನ ತವರಿಗೆ ನಾನು ಹೋಗುತ್ತ ಬಂದಿರುವುದು ಇದೇ ದಾರಿಯಲ್ಲಿ. ಆದರೆ ಜೇವೂರದ ಫಲಕ ಬಂದಾಗ ಕಿಟಕಿಯ ಹತ್ತಿರ ಸರಿದು ಕೂರುವ ರೂಢಿ ಬಿದ್ದದ್ದು 2016ರ ನಂತರ. ಆ ವರ್ಷದ ಏಪ್ರಿಲ್ 29ರಂದು ಬಿಡುಗಡೆಯಾದ ‘ಸೈರಾಟ್’ ಎಂಬ ಮರಾಠಿ ಚಿತ್ರದ ನಿರ್ದೇಶಕ ನಾಗರಾಜ ಮಂಜುಳೆಯವರ ಊರು ಅದು. ಆ ಚಿತ್ರದ ಹೊಲ, ಬಾವಿ, ಬಾಳೆತೋಟ, ಹಿನ್ನೀರುಗಳು ಬಹುಮಟ್ಟಿಗೆ ಆ ನಿಲ್ದಾಣವಿರುವ ಕರಮಾಳಾ ತಾಲ್ಲೂಕಿನವು.

ಈ ಬೇಸಿಗೆಯಲ್ಲಿ ಆ ಚಿತ್ರವನ್ನು ಮನೆಯಲ್ಲಿ ಮತ್ತೊಮ್ಮೆ ಪೂರ್ತಿಯಾಗಿ ನೋಡಿದೆ. ಹತ್ತನೆಯ ತರಗತಿ ಮುಗಿಸಿದ ಮಗಳು ಜೊತೆಗಿದ್ದಳು. ಪುಣೆಯಲ್ಲೇ ಹುಟ್ಟಿ ಬೆಳೆದ ಅವಳಿಗೆ ಗಣೇಶೋತ್ಸವದ ಮೆರವಣಿಗೆಯಲ್ಲಿಯೂ ಮದುವೆಯ ದಿಬ್ಬಣದಲ್ಲಿಯೂ ಮೊಳಗುವ ‘ಝಿಂಗಾಟ್’ ಹಾಡು ಬಾಯಿಪಾಠವಾಗಿತ್ತು. ಅದು ಯಾವ ಕಥೆಯ ಯಾವ ಗಳಿಗೆಯಲ್ಲಿ ಬರುತ್ತದೆಂಬುದು ಗೊತ್ತಿರಲಿಲ್ಲ. ಇಲ್ಲಿನ ಅನೇಕ ಕನ್ನಡಿಗರ ಮನೆಗಳಲ್ಲಿ ಹೀಗೆಯೇ ಆಗಿದೆ. ಹಾಡುಗಳನ್ನು ಬಲ್ಲ, ಚಿತ್ರವನ್ನು ಮಾತ್ರ ಬಿಡಿಬಿಡಿ ತುಣುಕುಗಳಲ್ಲಿ ಕಂಡಿರುವ ಓದುಗರಿಗೆ, 174 ನಿಮಿಷಗಳ ಈ ಚಿತ್ರವನ್ನು ಒಮ್ಮೆ ಮೊದಲಿನಿಂದ ಕೊನೆಯವರೆಗೆ ಕುಳಿತು ನೋಡಿ ಎಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

‘ಸೈರಾಟ್’ ಎಂಬ ಮಾತಿಗೆ ಕನ್ನಡದಲ್ಲಿ ಸರಿಸಾಟಿಯಾದ ಒಂದೇ ಪದ ನನಗೆ ಸಿಕ್ಕಿಲ್ಲ. ಹಗ್ಗ ಹರಿದುಕೊಂಡ ಹೋರಿಗರು ದಿಕ್ಕು ನೋಡದೆ ಬಯಲಿಗೆ ಬಿದ್ದು ಓಡುತ್ತದಲ್ಲ, ಲಂಗುಲಗಾಮಿಲ್ಲದ ಆ ಓಟದ ಸ್ಥಿತಿಗೆ ಹತ್ತಿರವಾದ ಅರ್ಥ ಅದಕ್ಕಿದೆ. ಬಿಟರಗಾಂವ್ ಎಂಬ ಊರಿನಲ್ಲಿ ಮೀನುಗಾರನೊಬ್ಬನ ಮಗ ಪ್ರಶಾಂತ ಕಾಳೆ, ಊರವರ ಬಾಯಲ್ಲಿ ಪರ್ಶ್ಯಾ. ಓದಿನಲ್ಲಿ ಮುಂದಿರುವವನು, ಊರ ಕ್ರಿಕೆಟ್ ತಂಡದ ನಾಯಕ, ಕವಿತೆ ಬರೆಯುವ ಹುಡುಗ. ಅದೇ ಸೀಮೆಯ ಜಮೀನ್ದಾರನೂ ರಾಜಕಾರಣಿಯೂ ಆದ ಪಾಟೀಲನ ಮಗಳು ಅರ್ಚನಾ, ಎಲ್ಲರಿಗೂ ಆರ್ಚಿ. ಇಬ್ಬರೂ ಒಂದೇ ಕಾಲೇಜಿಗೆ ಹೋಗುತ್ತಾರೆ, ನೋಟಗಳು ಕೂಡುತ್ತವೆ, ಚಿಕ್ಕ ಹುಡುಗನೊಬ್ಬನ ಕೈಯಲ್ಲಿ ಚೀಟಿಗಳು ಓಡಾಡುತ್ತವೆ. ಕುಂಟುತ್ತ ನಡೆಯುವ ಲಂಗಡ್ಯಾ ಮತ್ತು ಸಲೀಮನೆಂಬ ಸಲ್ಯಾ, ಪರ್ಶ್ಯಾನ ಈ ಇಬ್ಬರು ಗೆಳೆಯರು ಅವನ ಪ್ರೀತಿಯನ್ನು ತಮ್ಮದೇ ಕೆಲಸವೆಂಬಂತೆ ಹೆಗಲಿಗೆ ಹೊತ್ತುಕೊಳ್ಳುತ್ತಾರೆ. ಕಥೆಯ ಎಳೆ ಇಷ್ಟೇ. ನೂರಾರು ಚಿತ್ರಗಳಲ್ಲಿ ಇದನ್ನು ನಾವು ಕಂಡಿದ್ದೇವೆ. ಬೇರೆ ಚಿತ್ರಗಳಲ್ಲಿ ನಾನು ಕಾಣದೆ ಇದ್ದದ್ದು, ಈ ಎಳೆಯನ್ನು ಮಂಜುಳೆಯವರು ನೆಲ ಮತ್ತು ನೀರುಗಳಿಗೆ ಗಂಟು ಹಾಕಿರುವ ಬಗೆ.

ಇದು ಬೇಸಿಗೆಯ ಕಥೆಯೆಂದು ಚಿತ್ರ ಎಲ್ಲಿಯೂ ಹೇಳುವುದಿಲ್ಲ, ಕಾಲೇಜು ನಡೆಯುತ್ತಲೇ ಇರುತ್ತದೆ. ಆದರೂ ಭೀಮೆಯ ದಂಡೆಯಲ್ಲಿ ಬೆಳೆದ ನನಗೆ ಇದು ಬೇಸಿಗೆಯ ಚಿತ್ರವಾಗಿಯೇ ಕಂಡಿದೆ. ಸುಧಾಕರ ರೆಡ್ಡಿ ಯಕ್ಕಂಟಿಯವರ ಛಾಯಾಗ್ರಹಣದಲ್ಲಿ ಬಿಸಿಲು ಒಂದು ಕ್ಷಣವೂ ಪಕ್ಕಕ್ಕೆ ಸರಿಯುವುದಿಲ್ಲ. ಕಬ್ಬಿನ ಗರಿಗಳ ಮೇಲೆ, ಬಾವಿಯ ಕಲ್ಲುಕಟ್ಟೆಯ ಮೇಲೆ, ಧೂಳೆದ್ದ ಹಾದಿಯ ಮೇಲೆ, ಹುಡುಗರ ಬೆವೆತ ಕುತ್ತಿಗೆಯ ಮೇಲೆ ಅದು ಬಿದ್ದೇ ಇರುತ್ತದೆ. ಮಂಜುಳೆಯವರು ಸಿನಿಮಾಕ್ಕಿಂತ ಮೊದಲು ಕವಿ, ಮತ್ತು ಅವರ ಮರಾಠಿ ಕವನ ಸಂಕಲನದ ಹೆಸರಿನ ಕನ್ನಡ ಅರ್ಥ ‘ಬಿಸಿಲಿನ ಸಂಚಿನ ವಿರುದ್ಧ’ ಎಂದಾಗುತ್ತದೆ. ಬಿಸಿಲನ್ನು ಸಂಚು ಹೂಡುವ ಶಕ್ತಿಯೆಂದು ಕಂಡ ಮನಸ್ಸೊಂದು ಅದೇ ಬಿಸಿಲನ್ನು ಪ್ರೀತಿಯ ಮೊದಲ ದಿನಗಳ ಹೊಳಪಾಗಿ ತೋರಿಸುವಾಗ, ಆ ಹೊಳಪಿನ ಒಳಗೇ ಏನೋ ಕಾದು ಕುಳಿತಿದೆ ಎಂಬ ಅಳುಕು ಎರಡನೆಯ ಸಲ ನೋಡುವವರಿಗೆ ಉಂಟಾಗದೆ ಇರಲಾರದು.

ಬಾವಿಯ ದೃಶ್ಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪರ್ಶ್ಯಾ ಅಪ್ಪನ ದೋಣಿಯಲ್ಲಿದ್ದಾಗ ಆರ್ಚಿ ಗೆಳತಿಯರೊಂದಿಗೆ ಬಾವಿಯಲ್ಲಿ ಈಜುತ್ತಿದ್ದಾಳೆಂಬ ಸುದ್ದಿ ಮುಟ್ಟುತ್ತದೆ. ಅವನು ದೋಣಿಯಿಂದ ನೀರಿಗೆ ಹಾರಿ, ಈಜಿ ದಡ ಸೇರಿ, ಹೊಲಗಳನ್ನು ಸೀಳಿಕೊಂಡು ಓಡಿ, ಅದೇ ವೇಗದಲ್ಲಿ ಬಾವಿಗೆ ಧುಮುಕುತ್ತಾನೆ. ಓಟದುದ್ದಕ್ಕೂ ಹಾಡು ಇರುತ್ತದೆ, ಹಾಡಿಗಿಂತ ಒಂದು ಹೆಜ್ಜೆ ಮುಂದೆ ಅವನ ದೇಹ ಇರುತ್ತದೆ. ಧುಮುಕಿದ ಮೇಲೆ ಎಲ್ಲ ಚಿತ್ರಗಳಲ್ಲಿ ಆಗುವಂತೆ ಹುಡುಗಿ ನಾಚಿ ಸರಿಯಬೇಕಿತ್ತು. ಇಲ್ಲಿ ಆರ್ಚಿ ತನ್ನ ನೆಲದ ಮೇಲೆ ನಿಂತವರ ದರ್ಪದಿಂದ ಅವನನ್ನು ಮೇಲೆ ಏಳಿಸಿ ಹೊರಗೆ ಕಳಿಸುತ್ತಾಳೆ. ಅವನು ಹೋಗುತ್ತಾನೆ, ಸಂತೋಷದಿಂದಲೇ ಹೋಗುತ್ತಾನೆ. ಬೈಸಿಕೊಂಡದ್ದೂ ಅವನಿಗೆ ಪ್ರಸಾದವಾಗಿದೆ.

ನಮ್ಮೂರಿನಲ್ಲಿ ನಾನು ಬೆನ್ನಿಗೆ ಬೆಂಡು ಕಟ್ಟಿಕೊಂಡು ಈಜು ಕಲಿತದ್ದು ಸೋದರಮಾವನ ಹೊಲದ ಬಾವಿಯಲ್ಲಿ. ಏಳನೆಯ ತರಗತಿಯ ಬೇಸಿಗೆ ಮುಗಿದ ಮೇಲೆ ಮನೆಯವರು ಯಾರೂ ಬೇಡವೆನ್ನಲಿಲ್ಲ, ಆದರೆ ನಾನು ಬಾವಿಗೆ ಹೋಗುವುದು ತಾನಾಗಿಯೇ ನಿಂತುಹೋಯಿತು. ತಮ್ಮಂದಿರು ಹೋಗುತ್ತಿದ್ದರು, ನಾನು ಅವರ ಒದ್ದೆ ಬಟ್ಟೆಗಳನ್ನು ಒಣಹಾಕುತ್ತಿದ್ದೆ. ಬೆಳೆದ ಹುಡುಗಿಯೊಬ್ಬಳು ಬಾವಿಯಲ್ಲಿ ನಗುತ್ತ ಈಜುವುದನ್ನು, ನೀರು ತನ್ನದೆಂದು ಹೇಳುವುದನ್ನು ಪರದೆಯ ಮೇಲೆ ಕಂಡಾಗ ನನಗೆ ಉಂಟಾದದ್ದು ಪ್ರೇಮಕಥೆ ನೋಡುವವರ ರೋಮಾಂಚನಕ್ಕಿಂತ ಬೇರೆಯಾದ ಒಂದು ಹಂಬಲ. ಮೊದಲ ಪ್ರೀತಿಯ ನೆನಪೆಂದು ನಾವು ಕರೆಯುವುದರಲ್ಲಿ ಆ ಇನ್ನೊಬ್ಬರ ಪಾಲು ಎಷ್ಟು, ಆ ವಯಸ್ಸಿನಲ್ಲಿ ನಮಗಿದ್ದ ನೀರು, ಬಯಲು, ಮಧ್ಯಾಹ್ನಗಳ ಪಾಲು ಎಷ್ಟು ಎಂಬುದನ್ನು ಈ ಚಿತ್ರ ನೋಡಿದಂದಿನಿಂದ ನಾನು ಯೋಚಿಸುತ್ತಿದ್ದೇನೆ. ಪುಣೆಯ ಮುಳಾ ಮುಠಾ ನದಿಗಳು ಹೋಗಿ ಸೇರುವುದು ಭೀಮೆಯನ್ನು. ಆ ನೀರು ಉಜನಿಯಲ್ಲಿ ನಿಂತು, ಪಂಢರಪುರ ದಾಟಿ, ನಮ್ಮ ಗಾಣಗಾಪುರದಲ್ಲಿ ಅಮರ್ಜೆಯನ್ನು ಕೂಡಿಕೊಂಡು ಕೃಷ್ಣೆಯ ಕಡೆಗೆ ಹರಿಯುತ್ತದೆ. ಪರ್ಶ್ಯಾ ಹಾರಿದ ನೀರು ನನ್ನ ತವರಿನ ನೀರೇ ಎಂಬ ಭಾವನೆಯಿಂದ ನಾನು ಇನ್ನೂ ಹೊರಬಂದಿಲ್ಲ, ಆದ್ದರಿಂದ ಈ ವಿಮರ್ಶೆಯಲ್ಲಿ ಸ್ವಲ್ಪ ಮಮತೆ ಬೆರೆತಿದ್ದರೆ ಓದುಗರು ಮನ್ನಿಸಬೇಕು.

ಆರ್ಚಿಯ ಪಾತ್ರದಲ್ಲಿ ರಿಂಕು ರಾಜಗುರು ಮಾಡಿರುವುದನ್ನು ಅಭಿನಯವೆಂದು ಕರೆಯಲು ನನಗೆ ಈಗಲೂ ಸಂಕೋಚವಾಗುತ್ತದೆ. ಸೊಲ್ಲಾಪುರ ಜಿಲ್ಲೆಯದೇ ಆದ ಅಕಲೂಜಿನ ಈ ಹುಡುಗಿ ಚಿತ್ರೀಕರಣದ ಹೊತ್ತಿಗೆ ಇನ್ನೂ ಶಾಲೆಯಲ್ಲಿ ಓದುತ್ತಿದ್ದಳು, ಮತ್ತು ಈ ಮೊದಲ ಚಿತ್ರಕ್ಕೇ 63ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ವಿಶೇಷ ಉಲ್ಲೇಖದ ಗೌರವ ಪಡೆದಳು. ಆರ್ಚಿ ಬುಲೆಟ್ ಓಡಿಸುತ್ತಾಳೆ, ಟ್ರ್ಯಾಕ್ಟರ್ ಓಡಿಸುತ್ತಾಳೆ, ಕಣ್ಣು ತಪ್ಪಿಸದೆ ಹುಡುಗನನ್ನು ನೋಡುತ್ತಾಳೆ, ನಾಚಿ ಕೆಂಪಾಗುವ ಸರದಿ ಹುಡುಗನದಾಗುತ್ತದೆ. ಮಾತು ಕೇಳದವನಿಗೆ, ಮರಾಠಿ ತಿಳಿಯದಿದ್ದರೆ ಇಂಗ್ಲಿಷಿನಲ್ಲಿ ಹೇಳಲೇ ಎಂದು ಅವಳು ಗದರುವ ಮಾತು ಮಹಾರಾಷ್ಟ್ರದಲ್ಲಿ ಗಾದೆಯಂತೆ ಬಳಕೆಗೆ ಬಂದಿದೆ. ಆದರೆ ಈ ಧೈರ್ಯವನ್ನು ಚಿತ್ರ ಬರಿಯ ಮೆಚ್ಚುಗೆಯಿಂದ ನೋಡುವುದಿಲ್ಲ. ಅವಳ ದನಿಗೆ ಅಷ್ಟು ತೂಕ ಬಂದದ್ದು ಅಪ್ಪನ ಎಕರೆಗಳಿಂದ, ಅಪ್ಪನ ಅಧಿಕಾರದಿಂದ. ಅವಳ ಸೋದರ ಪ್ರಿನ್ಸ್ ತರಗತಿಯಲ್ಲಿ ಹೊಸ ಅಧ್ಯಾಪಕರ ಕೆನ್ನೆಗೆ ಹೊಡೆದು ದಕ್ಕಿಸಿಕೊಳ್ಳುವುದೂ ಅದೇ ಅಧಿಕಾರದಿಂದ. ಸೋದರನ ಕೈಯಲ್ಲಿ ದೌರ್ಜನ್ಯವಾಗುವ ಅದೇ ಬಲ ಸೋದರಿಯ ನಡಿಗೆಯಲ್ಲಿ ಚೆಲುವಾಗಿ ಕಾಣುತ್ತದೆ. ಇದನ್ನು ಯಾವ ಭಾಷಣವೂ ಇಲ್ಲದೆ ಒಂದೇ ಮನೆಯ ಇಬ್ಬರು ಮಕ್ಕಳ ಮೂಲಕ ಹೇಳಿರುವುದು ಮಂಜುಳೆಯವರ ದೊಡ್ಡ ಸಾಧನೆಯೆಂದು ನಾನು ತಿಳಿದಿದ್ದೇನೆ.

ಪರ್ಶ್ಯಾನಾಗಿ ಆಕಾಶ್ ಠೋಸರ್ ಸಹ ಅಷ್ಟೇ ಹೊಸಬರು. ಅವರ ಮುಖದಲ್ಲಿ ಒಂದು ಬಗೆಯ ಬೆರಗು ಸದಾ ಇರುತ್ತದೆ. ತನಗೆ ಇಂಥ ಭಾಗ್ಯ ಬಂದದ್ದು ಹೇಗೆಂದು ಅವನಿಗೇ ನಂಬಿಕೆಯಾಗಿಲ್ಲ ಎನ್ನುವಂತೆ. ತಾನಾಜಿ ಗಲಗುಂಡೆಯವರ ಲಂಗಡ್ಯಾ ಮತ್ತು ಅರ್ಬಾಜ್ ಶೇಖ್ ಅವರ ಸಲ್ಯಾ ಇಲ್ಲದಿದ್ದರೆ ಮೊದಲರ್ಧದ ನಗು ಅರ್ಧಕ್ಕರ್ಧ ಕಡಿಮೆಯಾಗುತ್ತಿತ್ತು.

ಭಾಷೆಯ ವಿಷಯವನ್ನು ಕನ್ನಡಿಗರು ವಿಶೇಷವಾಗಿ ಗಮನಿಸಬೇಕು. ಪುಣೆಯ ಪೇಠೆಗಳ ಮರಾಠಿಯನ್ನು ಶುದ್ಧವೆಂದು, ಸೊಲ್ಲಾಪುರದ ಕಡೆಯದನ್ನು ಒರಟೆಂದು ಎಣಿಸುವ ರೂಢಿ ಇಲ್ಲಿ ಇನ್ನೂ ಇದೆ; ಬೆಂಗಳೂರು ಮೈಸೂರಿನ ಕಿವಿಗಳಿಗೆ ನಮ್ಮ ಕಲಬುರಗಿಯ ಕನ್ನಡ ಹೇಗೋ ಹಾಗೆ. ಸಿನಿಮಾಗಳಲ್ಲಿ ನಮ್ಮ ಕಡೆಯ ಮಾತು ಬಹುಕಾಲ ಹಾಸ್ಯಪಾತ್ರದ ಬಾಯಿಗೆ ಮಾತ್ರ ಸಿಕ್ಕಿದ್ದನ್ನು ನೋಡುತ್ತ ಬೆಳೆದವಳು ನಾನು. ಈ ಚಿತ್ರದಲ್ಲಿ ನಾಯಕ, ನಾಯಕಿ, ಪ್ರೇಮಪತ್ರ, ಜಗಳ, ಲಾಲಿ ಎಲ್ಲವೂ ಕರಮಾಳೆಯ ಮಾತಿನಲ್ಲೇ ನಡೆಯುತ್ತವೆ, ಮತ್ತು ಆ ಮಾತಿಗೆ ಯಾರೂ ಕ್ಷಮೆ ಕೇಳುವುದಿಲ್ಲ. ಪುಣೆಯಲ್ಲಿ ಇಪ್ಪತ್ತು ವರ್ಷ ಅಚ್ಚುಕಟ್ಟಾದ ಮರಾಠಿ ಆಡಲು ಹೆಣಗಿದ ನನಗೆ ಈ ಚಿತ್ರದ ಮಾತು ಸರಾಗವಾಗಿ ತಿಳಿಯಿತು, ಏಕೆಂದರೆ ಅದರ ಎಳೆತ, ಅದರ ಏರಿಳಿತ ಅಕ್ಕಲಕೋಟೆಯಾಚೆಗಿನ ನಮ್ಮ ಕನ್ನಡದ ನೆರೆಮನೆಯದು.

ಸಂಗೀತದ ಬಗ್ಗೆ ಬಹಳ ಬರೆಯಲಾಗಿದೆ, ಆದರೂ ಎರಡು ಮಾತು. ಅಜಯ್ ಮತ್ತು ಅತುಲ್ ಸೋದರರ ನಾಲ್ಕೇ ಹಾಡುಗಳಿವೆ. ಅವುಗಳ ವಾದ್ಯವೃಂದವನ್ನು ಅಮೆರಿಕದ ಸೋನಿ ಸ್ಕೋರಿಂಗ್ ಸ್ಟೇಜ್‌ನಲ್ಲಿ ಧ್ವನಿಮುದ್ರಿಸಲಾಯಿತು. ಅಲ್ಲಿ ಧ್ವನಿಮುದ್ರಣ ಕಂಡ ಮೊದಲ ಭಾರತೀಯ ಚಿತ್ರ ಇದು. ಹತ್ತಾರು ಪಿಟೀಲುಗಳ ಪಾಶ್ಚಾತ್ಯ ಮೇಳವನ್ನು ಮೀನುಗಾರನ ಮಗನ ಓಟಕ್ಕೆ ಜೋಡಿಸಬಹುದೆಂದು ಯೋಚಿಸುವುದಕ್ಕೇ ಒಂದು ಎದೆಗಾರಿಕೆ ಬೇಕು. ಆ ಮೇಳ ಕೇಳಿಬಂದಾಗ ಪರ್ಶ್ಯಾನ ಪ್ರೀತಿ ಸಣ್ಣ ಊರಿನ ಸಣ್ಣ ಸಂಗತಿಯಾಗಿ ಉಳಿಯುವುದಿಲ್ಲ. ಅವನಿಗೆ ಅದು ಎಷ್ಟು ದೊಡ್ಡದೋ ಅಷ್ಟೇ ದೊಡ್ಡದಾಗಿ ನಮಗೂ ಕೇಳುತ್ತದೆ. ಕನ್ನಡಿಗರು ತಮ್ಮವರೇ ಎಂದುಕೊಂಡಿರುವ ಶ್ರೇಯಾ ಘೋಷಾಲ್ ಆರ್ಚಿಯ ಮನಸ್ಸಿನ ಹಾಡನ್ನು ಹಾಡಿದ್ದಾರೆ. ನಾಲ್ಕರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದು, ಏಕೆಂದರೆ ಅಷ್ಟು ಹೊತ್ತು ಗಟ್ಟಿ ದನಿಯಲ್ಲಿ ಮಾತಾಡಿದ ಹುಡುಗಿ ಅಲ್ಲಿ ಮೊದಲ ಬಾರಿಗೆ ತನ್ನೊಳಗೆ ಮೆತ್ತಗಾಗುತ್ತಾಳೆ.

2016ರ ಮೇ ತಿಂಗಳಲ್ಲಿ ನಾನು ಇದನ್ನು ಮೊದಲು ನೋಡಿದ್ದು ಪುಣೆಯ ಒಂದು ಹಳೆಯ ಚಿತ್ರಮಂದಿರದಲ್ಲಿ. ಅಂದು ಅಲ್ಲಿನ ತಂಪುಯಂತ್ರ ಕೆಟ್ಟಿತ್ತು, ಟಿಕೆಟ್ ಕೊಡುವಾಗ ಅದನ್ನು ಯಾರೂ ಹೇಳಲಿಲ್ಲ, ಕೇಳಿದವರಿಗೆ ಸರಿಯಾದ ಉತ್ತರವೂ ಸಿಗಲಿಲ್ಲ. ಮೂರು ಗಂಟೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕುಳಿತೆವು. ಝಿಂಗಾಟ್ ಬಂದಾಗ ಮುಂದಿನ ಸಾಲುಗಳ ಹುಡುಗರು ಎದ್ದು ಪರದೆಯ ಕೆಳಗೆ ಹೋಗಿ ಕುಣಿದರು, ಅವರ ಅಂಗಿಗಳು ಬೆವರಿನಿಂದ ಬೆನ್ನಿಗೆ ಅಂಟಿದ್ದವು, ಹಿಂದಿನ ಸಾಲಿನ ಹೆಂಗಸರು ಚಪ್ಪಾಳೆ ಹಾಕಿದರು. ಅದೇ ಜನ ಚಿತ್ರ ಮುಗಿದ ಮೇಲೆ ಒಬ್ಬರ ಮುಖವನ್ನು ಒಬ್ಬರು ನೋಡದೆ ಮೆಟ್ಟಿಲಿಳಿದರು. ವಾಹನ ನಿಲುಗಡೆಯಲ್ಲಿ ಯಾರೋ ಗಾಡಿಯ ಕೀಲಿ ಹಾಕಿಕೊಂಡು ಶುರು ಮಾಡದೆ ನಿಂತಿದ್ದರು. 100 ಕೋಟಿ ರೂಪಾಯಿಗಳ ಗಳಿಕೆ ದಾಟಿದ ಮೊದಲ ಮರಾಠಿ ಚಿತ್ರವೆಂದು ‘ಸೈರಾಟ್’ ಹೆಸರಾಗಿದೆ. ಅಷ್ಟೊಂದು ಜನ ಆ ಅಂತ್ಯವನ್ನು ಗೊತ್ತಿದ್ದೂ ಮತ್ತೆ ಮತ್ತೆ ಹೋಗಿ ನೋಡಿದರೆಂಬುದು ನನಗೆ ಆ ಮೊತ್ತಕ್ಕಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಮಧ್ಯಂತರದ ಸುತ್ತಮುತ್ತ ಪ್ರೇಮಿಗಳು ಊರು ಬಿಟ್ಟು ಓಡುತ್ತಾರೆ. ಚಿತ್ರ ಹೈದರಾಬಾದಿಗೆ ಸ್ಥಳಾಂತರವಾಗುತ್ತದೆ. ಸೊಲ್ಲಾಪುರದ ಕಡೆಯಿಂದ ಹೈದರಾಬಾದಿಗೆ ಹೋಗುವ ಮುಖ್ಯ ರೈಲುಮಾರ್ಗ ಕಲಬುರಗಿ, ಶಹಾಬಾದ್, ವಾಡಿಗಳ ಮೇಲೆಯೇ ಹಾಯುತ್ತದೆ. ಚಿತ್ರ ಅವರು ಯಾವ ದಾರಿಯಲ್ಲಿ ಹೋದರೆಂದು ತೋರಿಸುವುದಿಲ್ಲ, ಆದರೆ ಆ ಇಬ್ಬರು ಮಕ್ಕಳು ಒಂದು ರಾತ್ರಿ ನಮ್ಮ ಸೀಮೆಯನ್ನು ಹಾದು ಹೋಗಿರಬೇಕು, ನಮ್ಮ ನಿಲ್ದಾಣಗಳಲ್ಲಿ ರೈಲು ನಿಂತಾಗ ತಲೆ ಬಗ್ಗಿಸಿಕೊಂಡು ಕುಳಿತಿರಬೇಕು ಎಂದು ಕಲ್ಪಿಸಿಕೊಳ್ಳದೆ ಇರುವುದು ನನ್ನಿಂದ ಆಗುವುದಿಲ್ಲ. ಅವರು ಇಳಿದ ಊರಿನಲ್ಲಿ ತೆಲುಗು ತಿಳಿಯದು, ಕೈಯಲ್ಲಿ ಹಣವಿಲ್ಲ. ಮೊದಲರ್ಧದ ನಿಧಾನಗತಿಯ ಚಲನೆ, ಹಾಡು, ಹಕ್ಕಿ, ಹೊಂಬಿಸಿಲು ಎಲ್ಲವೂ ಥಟ್ಟನೆ ನಿಲ್ಲುತ್ತವೆ. ಕ್ಯಾಮೆರಾ ಕೊಳೆಗೇರಿಯ ಒಂದು ಕೋಣೆಯೊಳಗೆ ಸಿಕ್ಕಿಬೀಳುತ್ತದೆ.

ಅನೇಕರು ಮೊದಲರ್ಧವನ್ನು ಹೊಗಳಿ, ಎರಡನೆಯದನ್ನು ಎಳೆದಾಟವೆಂದು ಬಿಡುತ್ತಾರೆ. ನನ್ನ ಅಭಿಪ್ರಾಯ ಪೂರಾ ಬೇರೆ. ಗಂಡ ಬಿಟ್ಟುಹೋದ ಮರಾಠಿ ಹೆಂಗಸು ಸುಮನ್ ಅಕ್ಕ ರಸ್ತೆಯಲ್ಲಿ ಸಿಕ್ಕ ಈ ಮಕ್ಕಳಿಗೆ ನೆರಳು ಕೊಡುತ್ತಾಳೆ. ಛಾಯಾ ಕದಮ್ ಆ ಪಾತ್ರವನ್ನು ಒಂದು ಹನಿ ಹೆಚ್ಚೂ ಇಲ್ಲದಂತೆ, ಕಡಿಮೆಯೂ ಇಲ್ಲದಂತೆ ಮಾಡಿದ್ದಾರೆ. ಪರ್ಶ್ಯಾ ಅವಳ ದೋಸೆಯ ಗಾಡಿಯಲ್ಲಿ ಕೆಲಸಕ್ಕೆ ನಿಲ್ಲುತ್ತಾನೆ, ಆರ್ಚಿ ಬಾಟಲಿ ತುಂಬುವ ಕಾರ್ಖಾನೆಯೊಂದಕ್ಕೆ ಹೋಗುತ್ತಾಳೆ. ಬಾವಿಯ ಒಡತಿಯಾಗಿದ್ದವಳು ಸಾಲಾಗಿ ಹರಿದುಬರುವ ಬಾಟಲಿಗಳ ಮುಂದೆ ನಿಂತಿರುವುದನ್ನು ನೋಡುವಾಗ ಮೊದಲರ್ಧದ ನೀರು ನೆನಪಾಗಿ ಗಂಟಲು ಕಟ್ಟುತ್ತದೆ. ತನ್ನ ನೆಲ ಕಾಲಕೆಳಗಿಲ್ಲದಾಗ ಆರ್ಚಿಯ ಧೈರ್ಯ ಏನಾಗುತ್ತದೆ ಎಂಬ ಪ್ರಶ್ನೆಗೆ ಚಿತ್ರ ಅವಸರದ ಉತ್ತರ ಕೊಡುವುದಿಲ್ಲ. ಅವಳು ಅಳುತ್ತಾಳೆ, ಮನೆಯ ನೆನಪಿನಿಂದ ಕುಗ್ಗುತ್ತಾಳೆ, ಹೊಸ ಭಾಷೆಯ ಒಂದೊಂದೇ ಪದ ಕಲಿಯುತ್ತಾಳೆ, ಗೆಳತಿಯೊಬ್ಬಳನ್ನು ಸಂಪಾದಿಸುತ್ತಾಳೆ. ಪರ್ಶ್ಯಾ ಅನುಮಾನಪಟ್ಟು ಕೈ ಎತ್ತಿದ ದಿನ ಬಿಟ್ಟು ಹೊರಡುತ್ತಾಳೆ, ಮತ್ತು ಮರಳಿ ಬರುವುದಾದರೂ ತನ್ನ ನಿರ್ಧಾರದಿಂದಲೇ ಬರುತ್ತಾಳೆ. ಕವಿತೆ ಬರೆಯುತ್ತಿದ್ದ ಮೃದು ಹುಡುಗನ ಕೈಯೂ ಹೆಂಡತಿಯ ಮೇಲೆ ಏಳಬಲ್ಲದೆಂದು ತೋರಿಸುವ ಪ್ರಾಮಾಣಿಕತೆ ಪ್ರೇಮಚಿತ್ರಗಳಲ್ಲಿ ಅಪರೂಪ. ಮೊದಲರ್ಧದಲ್ಲಿ ಪ್ರೀತಿಗೆ ಊರು ಇತ್ತು, ಗೆಳೆಯರಿದ್ದರು, ಸಂಗೀತವಿತ್ತು. ಇಲ್ಲಿ ಇಬ್ಬರೇ, ಒಂದು ಸ್ಟೌ, ಒಂದು ಚಾಪೆ. ಹಾಡು ಮುಗಿದ ಮೇಲಿನ ಈ ಪ್ರೀತಿ ನನಗೆ ಮೊದಲಿನದಕ್ಕಿಂತ ಹೆಚ್ಚು ನಂಬಿಕೆ ಹುಟ್ಟಿಸಿತು.

ಈ ಇಬ್ಬರ ನಡುವೆ ಗೋಡೆಯಾಗಿ ನಿಂತ ಜಾತಿಯ ವಿಷಯವನ್ನು ಚಿತ್ರ ಒಂದೆರಡು ಕಡೆ ಹೊರತು ಬಾಯಿಬಿಟ್ಟು ಹೇಳುವುದಿಲ್ಲ. ಮಂಜುಳೆಯವರು ವಡ್ಡರ ಸಮುದಾಯದಿಂದ ಬಂದವರು. ಕಲ್ಲು ಒಡೆಯುವ, ಮಣ್ಣು ಅಗೆಯುವ, ಬಾವಿ ತೋಡುವ ಆ ಸಮುದಾಯವನ್ನು ಕರ್ನಾಟಕದವರಾದ ನಮಗೆ ಪರಿಚಯಿಸಬೇಕಾಗಿಲ್ಲ. ನಮ್ಮ ಊರುಗಳ ಎಷ್ಟೋ ಬಾವಿಗಳನ್ನು ತೋಡಿದವರು ಅವರೇ, ಆ ಬಾವಿಗಳ ನೀರಿನ ಮೇಲೆ ಹಕ್ಕಿಲ್ಲದೆ ಬದುಕಿದವರೂ ಅವರೇ. ಇದು ತಿಳಿದ ಮೇಲೆ ಬಾವಿಯ ಆ ದೃಶ್ಯ ನನಗೆ ಮೊದಲಿನಷ್ಟು ಸರಳವಾಗಿ ಉಳಿಯಲಿಲ್ಲ. 2013ರ ‘ಫಂಡ್ರಿ’ಯಲ್ಲಿ ಅವರು ಇನ್ನೂ ಚಿಕ್ಕ ಹುಡುಗನೊಬ್ಬನ ಮೊದಲ ಪ್ರೀತಿಯನ್ನು, ಅದರ ಮೇಲೆ ಬಿದ್ದ ಅವಮಾನವನ್ನು ಚಿತ್ರಿಸಿದ್ದರು, ಆ ಚಿತ್ರಕ್ಕೆ ಚೊಚ್ಚಲ ನಿರ್ದೇಶನದ ರಾಷ್ಟ್ರೀಯ ಪ್ರಶಸ್ತಿ ಬಂದಿತ್ತು. ‘ಫಂಡ್ರಿ’ಯಲ್ಲಿ ಹುಡುಗಿ ದೂರದಲ್ಲೇ ಉಳಿಯುತ್ತಾಳೆ, ಒಂದು ಕನಸಾಗಿ. ‘ಸೈರಾಟ್’ನಲ್ಲಿ ಅವಳೇ ಬುಲೆಟ್ ಏರಿ ಎದುರಿಗೆ ಬಂದು ನಿಲ್ಲುತ್ತಾಳೆ. ಎರಡನ್ನೂ ಒಂದಾದ ಮೇಲೊಂದು ನೋಡುವ ಅವಕಾಶ ಇರುವವರು ಹಾಗೆಯೇ ನೋಡಲಿ ಎಂದು ಬಯಸುತ್ತೇನೆ.

ಕೊರತೆಗಳಿಲ್ಲ ಎನ್ನಲಾರೆ. ಮೊದಲರ್ಧದಲ್ಲಿ ನಿಧಾನಗತಿಯ ಚಲನೆಯನ್ನು ಅಗತ್ಯಕ್ಕಿಂತ ಹೆಚ್ಚು ಬಳಸಲಾಗಿದೆ. ಒಂದೇ ನೋಟವನ್ನು ಮೂರು ಸಲ ಹಿಗ್ಗಿಸಿದಾಗ ಅದರ ಬಿಸಿ ಆರುತ್ತದೆ. ಪಾಟೀಲನ ಕಡೆಯವರು ಪ್ರೇಮಿಗಳನ್ನು ಅಟ್ಟಿಸಿಕೊಂಡು ಹೋಗುವ ಭಾಗ ಉಳಿದ ಚಿತ್ರದ ನಿಜದ ಹದಕ್ಕೆ ಹೊಂದದೆ, ಮಾಮೂಲಿ ಹೊಡೆದಾಟದ ಚಿತ್ರಗಳ ಕಡೆಗೆ ವಾಲುತ್ತದೆ. ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಲಂಗಡ್ಯಾ ಮತ್ತು ಸಲ್ಯಾರ ವಿಷಯ. ಈ ಪ್ರೀತಿಗಾಗಿ ಏಟು ತಿಂದ ಗೆಳೆಯರು ಅವರು. ಎರಡನೆಯ ಅರ್ಧದಲ್ಲಿ ಅವರಿಗೆ ಇನ್ನಷ್ಟು ಜಾಗ ಸಿಗಬೇಕಿತ್ತು. ಊರಿನಲ್ಲಿ ಉಳಿದವರು ತೆತ್ತ ಬೆಲೆಯೂ ಈ ಕಥೆಯ ಭಾಗವೇ ಆಗಿತ್ತು.

ಕನ್ನಡದಲ್ಲಿ ಇದರ ರೀಮೇಕ್ 2017ರಲ್ಲಿ ‘ಮನಸು ಮಲ್ಲಿಗೆ’ ಎಂಬ ಹೆಸರಿನಲ್ಲಿ ಎಸ್. ನಾರಾಯಣ್ ಅವರ ನಿರ್ದೇಶನದಲ್ಲಿ ಬಂತು, ಮತ್ತು ನಾಯಕಿಯ ಪಾತ್ರವನ್ನು ರಿಂಕು ರಾಜಗುರು ಅವರೇ ಮಾಡಿದರು. ಅದನ್ನು ಆಸೆಯಿಂದ ನೋಡಿದೆ. ನಟಿ ಅವಳೇ, ಕಥೆ ಅದೇ, ಆದರೆ ಮೂಲದ ಮಾತಿಗೂ ಮಣ್ಣಿಗೂ ಇದ್ದ ನಂಟು ಅಲ್ಲಿ ಕೈಗೆ ಸಿಗಲಿಲ್ಲ. ಭೀಮಾತೀರದ ನಮ್ಮ ಕನ್ನಡದಲ್ಲಿ, ನಮ್ಮ ಜೋಳದ ಹೊಲಗಳ ನಡುವೆ, ನಮ್ಮವರೇ ಆದ ಹೊಸ ಮುಖಗಳನ್ನು ಇಟ್ಟುಕೊಂಡು ಇಂಥದೊಂದು ಚಿತ್ರವನ್ನು ಯಾರಾದರೂ ಮೊದಲಿನಿಂದ ಕಟ್ಟಲಿ ಎಂಬ ಆಸೆ ನನ್ನಲ್ಲಿ ಉಳಿದಿದೆ. ಕನ್ನಡ ಬಲ್ಲವರು ಮೂಲವನ್ನೇ ನೋಡುವುದು ಮೇಲು. ಮರಾಠಿ ಬಾರದವರು ಅಡಿಬರಹ ಹಾಕಿಕೊಂಡರೆ ಸಾಕು, ಹತ್ತು ನಿಮಿಷದಲ್ಲಿ ಕಿವಿ ಹೊಂದಿಕೊಳ್ಳುತ್ತದೆ.

ಮಗಳು ಮೊದಲರ್ಧದಲ್ಲಿ ನನ್ನ ಹೆಗಲಿಗೆ ಒರಗಿ ಕುಳಿತಿದ್ದಳು, ಝಿಂಗಾಟ್ ಬಂದಾಗ ಎದ್ದು ಕುಣಿದಳು. ಹೈದರಾಬಾದಿನ ಭಾಗ ಶುರುವಾದ ಮೇಲೆ ದೂರ ಸರಿದು ಮೊಣಕಾಲು ಅಪ್ಪಿಕೊಂಡು ಕುಳಿತಳು. ನಡುವೆ ಒಮ್ಮೆ, ಆರ್ಚಿ ತಾಯಿಗೆ ಫೋನ್ ಮಾಡುವಾಗ, ನೀನಾದರೆ ಮಾತಾಡುತ್ತಿದ್ದೆಯಾ ಎಂದು ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು. ಮಾತಾಡುತ್ತಿದ್ದೆ ಎಂದೆ. ಅಪ್ಪ ಎಂದಳು. ಅಪ್ಪನೂ ಎಂದೆ. ಆ ಸಂಭಾಷಣೆ ನಮ್ಮ ಮನೆಯಲ್ಲಿ ಬೇರೆ ಯಾವ ರೀತಿಯಿಂದಲೂ ಆಗುತ್ತಿರಲಿಲ್ಲ.

ಮಕ್ಕಳ ಜೊತೆ ನೋಡುವವರಿಗೆ ಒಂದು ಸೂಚನೆ. ಬರ್ಲಿನ್ ಚಲನಚಿತ್ರೋತ್ಸವದಲ್ಲಿ 2016ರಲ್ಲಿ ಇದನ್ನು ತೋರಿಸಿದ್ದು 14 ವರ್ಷ ಮೇಲ್ಪಟ್ಟ ಎಳೆಯರಿಗಾಗಿ ಇರುವ ವಿಭಾಗದಲ್ಲಿ, ಮತ್ತು ಆ ವಯಸ್ಸಿನ ಗೆರೆ ಸರಿಯಾಗಿದೆಯೆಂದು ನನಗೆ ಅನ್ನಿಸುತ್ತದೆ. ಅದಕ್ಕಿಂತ ಚಿಕ್ಕವರಿಗೆ ಕೊನೆಯ ಭಾಗ ತಡೆದುಕೊಳ್ಳಲಾರದಷ್ಟು ಕಠಿಣವಾಗುತ್ತದೆ. ಅಲ್ಲಿ ಏನಾಗುತ್ತದೆಂದು ನಾನು ಇಲ್ಲಿ ಬರೆಯುವುದಿಲ್ಲ. ರಾತ್ರಿ ಊಟ ಮುಗಿಸಿ, ಮರುದಿನ ರಜೆಯಿರುವಾಗ ನೋಡಿ. ಎರಡು ದಿನಕ್ಕೆ ಹಂಚಬೇಡಿ, ಹಂಚಿದರೆ ಬಾವಿ ಒಂದು ದಿನಕ್ಕೂ ಬಾಟಲಿಗಳು ಇನ್ನೊಂದು ದಿನಕ್ಕೂ ಬಿದ್ದು ಎರಡರ ಸಂಬಂಧ ಕಡಿದುಹೋಗುತ್ತದೆ. ಅಂತ್ಯದಲ್ಲಿ ಎಲ್ಲ ಶಬ್ದವೂ ನಿಂತುಬಿಡುತ್ತದೆ, ಅಷ್ಟು ಹೊತ್ತು ಜೊತೆಗಿದ್ದ ಸಂಗೀತ ಸಂಪೂರ್ಣವಾಗಿ ಹೊರಗೆ ಹೋಗುತ್ತದೆ. ಟಿವಿಗೆ ಏನೋ ಆಯಿತೆಂದು ನಮ್ಮ ಮನೆಯವರು ರಿಮೋಟ್‌ಗೆ ಕೈ ಚಾಚಿದರು, ಮಗಳು ಅವರ ಕೈ ಹಿಡಿದುಕೊಂಡಳು.